ಟೈಗರ್ ಮಾಥ್: ಒಂದು ಶಿಕ್ಷಣ ವಿಮಾನದ ಚರಿತ್ರೆ

ವಿಮಾನಯಾನದ ಚರಿತ್ರೆಯಲ್ಲಿ ವೇಗ, ಎತ್ತರ, ದೂರಗಳ ದಾಖಲೆಗಳನ್ನು ಸ್ಥಾಪಿಸಿದ ಯಂತ್ರಗಳಿಗೆ ದೊರೆತಿರುವ ಸ್ಥಾನವು ಶಿಕ್ಷಣ ವಿಮಾನಗಳಿಗೆ ದೊರೆತಿಲ್ಲ. ಎರಡು ಮಹಾಯುದ್ಧಗಳ ನಡುವಣ ಕಾಲವನ್ನು ವಿಮಾನಯಾನದ ಸುವರ್ಣಯುಗವೆಂದು ಕರೆಯುವುದು ವಾಡಿಕೆ. ಆ ಯುಗದ ವೈಮಾನಿಕರು ಹಾರುವುದನ್ನು ಕಲಿತುದು ಎಂಥ ಯಂತ್ರಗಳಲ್ಲಿ ಎಂಬುದನ್ನು ವಿಚಾರಿಸುವವರು ವಿರಳ. ಆದರೆ ಶಿಕ್ಷಣ ವಿಮಾನದ ನಿರ್ಮಾಣವು ಸುಲಭವಾದ ಕಾರ್ಯವಲ್ಲ. ಅದು ಶಿಷ್ಯನ ತಪ್ಪನ್ನು ಮರೆಮಾಚಬಾರದು. ಮರೆಮಾಚಿದರೆ ಅವನು ಏನನ್ನೂ ಕಲಿಯಲಾರನು. ಆ ತಪ್ಪಿಗಾಗಿ ಅವನ ಪ್ರಾಣವನ್ನೂ ತೆಗೆಯಬಾರದು. ಪರಸ್ಪರ ವಿರುದ್ಧವಾಗಿ ತೋರುವ ಈ ಎರಡು ಬೇಡಿಕೆಗಳು ಒಂದು ಯಂತ್ರದ ರೂಪವನ್ನು ಹೇಗೆ ನಿರ್ಧರಿಸಿದುವು ಎಂಬುದನ್ನು ಬ್ರಿಟನ್ನಿನ ಟೈಗರ್ ಮಾಥ್ ವಿಮಾನದ ನಿದರ್ಶನದಿಂದ ಇಲ್ಲಿ ವಿವರಿಸಲು ಯತ್ನಿಸುತ್ತೇವೆ.

ಹಾರಾಟದ ಶಿಕ್ಷಣಕ್ಕೆ ಒಂದು ಪದ್ಧತಿ ಏರ್ಪಟ್ಟುದು ಮೊದಲನೆಯ ಮಹಾಯುದ್ಧದ ಕಾಲದಲ್ಲಿ. 1917ರಲ್ಲಿ ರಾಬರ್ಟ್ ಸ್ಮಿತ್-ಬ್ಯಾರಿ ಎಂಬ ಅಧಿಕಾರಿಯು ಇಂಗ್ಲೆಂಡಿನ ಗಾಸ್ಪೋರ್ಟ್ ಎಂಬಲ್ಲಿ ಹೊಸ ಬೋಧನಕ್ರಮವೊಂದನ್ನು ಆಚರಣೆಗೆ ತಂದನು. ಅಪಾಯದಿಂದ ಶಿಷ್ಯನನ್ನು ದೂರವಿಡುವುದಲ್ಲ, ಅಪಾಯದ ಸ್ಥಿತಿಗೆ ಬೇಕೆಂದೇ ಕೊಂಡೊಯ್ದು ಅದರಿಂದ ಪಾರಾಗುವ ಬಗೆಯನ್ನು ಕಲಿಸುವುದೇ ಅದರ ತಿರುಳು. ಇದಕ್ಕೆ ಎರಡು ಆಸನಗಳೂ ಎರಡು ಜೊತೆ ನಿಯಂತ್ರಣಗಳೂ ಇರುವ ವಿಮಾನ ಬೇಕು. ಗುರುವಿನ ಮಾತು ಶಿಷ್ಯನ ಕಿವಿಗೆ ಮುಟ್ಟಲು ಬಳಸಿದ ರಬ್ಬರು ಕೊಳವೆಗೆ ಗಾಸ್ಪೋರ್ಟಿನ ಹೆಸರೇ ನಿಂತಿತು.

ಜೆಫ್ರಿ ಡಿ ಹ್ಯಾವಿಲೆಂಡನ ಕಾರ್ಖಾನೆಯಿಂದ ಮಾಥ್ ಎಂಬ ಹಗುರ ವಿಮಾನವು 1925ರ ಫೆಬ್ರುವರಿಯಲ್ಲಿ ಮೊದಲು ಹಾರಿತು. ಮಾಥ್ ಎಂದರೆ ಪತಂಗ. ಡಿ ಹ್ಯಾವಿಲೆಂಡನಿಗೆ ಕೀಟಶಾಸ್ತ್ರದಲ್ಲಿ ಆಸಕ್ತಿ ಇದ್ದಿತು, ಆ ವಿಮಾನದ ರೆಕ್ಕೆಗಳನ್ನು ಪತಂಗದ ರೆಕ್ಕೆಗಳಂತೆ ಹಿಂದಕ್ಕೆ ಮಡಚಲೂ ಬರುತ್ತಿದ್ದಿತು. ಹಾರಾಟದ ಸಂಘಗಳಲ್ಲಿ ಇದು ಬಹು ಜನಪ್ರಿಯವಾಯಿತು. ಆದರೆ ಸೈನ್ಯದ ಶಿಕ್ಷಣಕ್ಕೆ ಇದರಲ್ಲಿ ಒಂದು ಕೊರತೆ ಕಂಡಿತು. ಗುರು ಕುಳಿತುಕೊಳ್ಳುವ ಮುಂದಿನ ಆಸನದ ನೇರ ಮೇಲೆ ಪೆಟ್ರೋಲಿನ ತೊಟ್ಟಿಯನ್ನು ಹೊತ್ತ ಮೇಲ್ರೆಕ್ಕೆಯ ನಡುಭಾಗವಿದ್ದಿತು. ಸುತ್ತಲೂ ಅದನ್ನು ಆತುಕೊಂಡಿದ್ದ ಕಂಬಿಗಳು. ಪ್ಯಾರಾಷೂಟ್ ಧರಿಸಿದ ಮನುಷ್ಯನು ಆಪತ್ಕಾಲದಲ್ಲಿ ಆ ಪಂಜರದಿಂದ ಹೊರಬೀಳುವುದು ಕಷ್ಟ.

ಟೈಗರ್ ಮಾಥ್‌ನ ವಿಶಿಷ್ಟ ಆಕಾರವು ಹುಟ್ಟಿದುದು ಈ ಕೊರತೆಯ ಪರಿಹಾರದಿಂದಲೇ. ಮೇಲ್ರೆಕ್ಕೆಯ ನಡುಭಾಗವನ್ನು ಮುಂದಿನ ಆಸನದಿಂದ ಮುಂದಕ್ಕೆ ಸರಿಸಿದರು. ಗುರುವಿನ ತಲೆಯ ಮೇಲೆ ಆಕಾಶ ತೆರೆಯಿತು. ಆದರೆ ರೆಕ್ಕೆ ಮುಂದಕ್ಕೆ ಹೋದರೆ ಅದರ ಎತ್ತುಬಲವೂ ಮುಂದಕ್ಕೆ ಹೋಗಿ ವಿಮಾನದ ತೂಕ ತಪ್ಪುತ್ತದೆ. ಅದನ್ನು ಸರಿದೂಗಿಸಲು ರೆಕ್ಕೆಗಳ ತುದಿಗಳನ್ನು ಹಿಂದಕ್ಕೆ ಬಾಗಿಸಬೇಕಾಯಿತು. ವಿಮಾನವು ಬಾಲವೂರಿ ನಿಂತಾಗ ಹಿಂಬಾಗಿದ ಕೆಳರೆಕ್ಕೆಯ ತುದಿಗಳು ನೆಲಕ್ಕೆ ಹತ್ತಿರವಾದುದರಿಂದ ಅವನ್ನು ಇನ್ನಷ್ಟು ಮೇಲ್ಮುಖವಾಗಿಸಬೇಕಾಯಿತು. ನೋಡುವವರಿಗೆ ಚೆಲುವಾಗಿ ತೋರುವ ಈ ಬಾಗುಗಳು ಒಬ್ಬ ಮನುಷ್ಯನು ಪ್ರಾಣ ಉಳಿಸಿಕೊಂಡು ಹೊರಗೆ ಧುಮುಕಲಿ ಎಂಬ ಅಗತ್ಯದ ಫಲ. ಹೀಗೆ ಸಿದ್ಧವಾದ ಡಿ.ಎಚ್. 82 ಎಂಬ ವಿಮಾನವು 1931ರ ಅಕ್ಟೋಬರ್ 26ರಂದು ಲಂಡನ್ನಿನ ಸಮೀಪದ ಸ್ಟ್ಯಾಗ್ ಲೇನ್‌ನಲ್ಲಿ ಹ್ಯೂಬರ್ಟ್ ಬ್ರಾಡನ ಚಾಲನೆಯಲ್ಲಿ ಮೊದಲು ಹಾರಿತು. ಮರುವರ್ಷವೇ ಬ್ರಿಟಿಷ್ ವಾಯುಪಡೆಯು ಅದನ್ನು ಬಳಕೆಗೆ ತೆಗೆದುಕೊಂಡಿತು.

ಇದರ ರಚನೆ ಸರಳವಾದುದು. ಒಡಲಿಗೆ ಉಕ್ಕಿನ ಕೊಳವೆಗಳ ಚೌಕಟ್ಟು. ರೆಕ್ಕೆಗಳಿಗೆ ಮರದ ಚೌಕಟ್ಟು ಮತ್ತು ಬಟ್ಟೆಯ ಹೊದಿಕೆ. ಪ್ರಸಿದ್ಧವಾದ 82ಎ ಮಾದರಿಯಲ್ಲಿದ್ದುದು 130 ಅಶ್ವಶಕ್ತಿಯ ಜಿಪ್ಸಿ ಮೇಜರ್ ಎಂಜಿನು. ಇದರ ನಾಲ್ಕು ಸಿಲಿಂಡರುಗಳು ತಲೆಕೆಳಗಾಗಿ ಜೋಡಿಸಲ್ಪಟ್ಟಿದ್ದುದರಿಂದ ಮೂಗಿನ ಮೇಲ್ಭಾಗವು ತಗ್ಗಿ, ಮುಂದಿನ ನೋಟ ಸುಧಾರಿಸಿತು. ಪರಮವೇಗ ಗಂಟೆಗೆ ಸುಮಾರು 175 ಕಿಲೋಮೀಟರು. ಚಕ್ರಗಳಿಗೆ ತಡೆ ಇರಲಿಲ್ಲ. ಪ್ರೊಪೆಲರನ್ನು ಕೈಯಿಂದ ತಿರುಗಿಸಿಯೇ ಎಂಜಿನನ್ನು ಚಾಲೂ ಮಾಡಬೇಕಾಗಿದ್ದಿತು. ಶಿಷ್ಯನ ಸ್ಥಾನ ಹಿಂದಿನ ಆಸನ. ಒಂಟಿಯಾಗಿ ಹಾರುವಾಗಲೂ ಅಲ್ಲಿಯೇ ಕೂರಬೇಕು.

ಈ ಯಂತ್ರವನ್ನು ಹಾರಿಸುವುದು ಸುಲಭ, ಚೆನ್ನಾಗಿ ಹಾರಿಸುವುದು ಕಷ್ಟ ಎಂಬ ಮಾತು ವೈಮಾನಿಕರಲ್ಲಿ ಪ್ರಚಲಿತವಾಯಿತು. ಅದರ ಕಾರಣವನ್ನು ಪರಿಶೀಲಿಸೋಣ. ವಿಮಾನವನ್ನು ಒಂದು ಪಕ್ಕಕ್ಕೆ ವಾಲಿಸಲು ರೆಕ್ಕೆಗಳ ಹಿಂಬದಿಯಲ್ಲಿ ಐಲೆರಾನ್ ಎಂಬ ಚಲಿಸುವ ಪಟ್ಟಿಗಳಿರುತ್ತವೆ. ಎಡಕ್ಕೆ ವಾಲಿಸಬೇಕಾದರೆ ಬಲಗಡೆಯ ಪಟ್ಟಿ ಕೆಳಗಿಳಿದು ಆ ರೆಕ್ಕೆಯನ್ನು ಎತ್ತುತ್ತದೆ. ಆದರೆ ಎತ್ತುವುದರ ಜೊತೆಗೆ ಗಾಳಿಯ ಎಳೆತವೂ ಅಲ್ಲಿ ಹೆಚ್ಚಿ, ಮೂಗು ಎಡಕ್ಕೆ ಬದಲಾಗಿ ಬಲಕ್ಕೆ ಹೊರಳಲು ನೋಡುತ್ತದೆ. ಕೆಳಗಿಳಿಯುವ ಪಟ್ಟಿಯ ಚಲನೆಯನ್ನು ಮಿತಗೊಳಿಸಿ ಈ ದೋಷವನ್ನು ತಗ್ಗಿಸಿದ್ದರೂ ಅದು ಪೂರ್ತಿಯಾಗಿ ಹೋಗಲಿಲ್ಲ. ಉಳಿದುದನ್ನು ಶಿಷ್ಯನು ಕಾಲಿನಿಂದ ಚುಕ್ಕಾಣಿಯನ್ನು ಒತ್ತಿ ಸರಿಪಡಿಸಬೇಕು. ಒತ್ತದಿದ್ದರೆ ವಿಮಾನವು ಪಕ್ಕಕ್ಕೆ ಜಾರುತ್ತದೆ. ತೆರೆದ ಆಸನದಲ್ಲಿ ಗಾಳಿ ಒಂದು ಕೆನ್ನೆಗೆ ಬಡಿಯುತ್ತದೆ. ತಪ್ಪಿನ ಅರಿವು ತಕ್ಷಣವೇ ಆಗುತ್ತದೆ, ಪ್ರಾಣಕ್ಕೆ ಅಪಾಯವಿಲ್ಲ.

ವೇಗ ತೀರ ಕುಗ್ಗಿದಾಗ ರೆಕ್ಕೆಯು ಎತ್ತುಬಲವನ್ನು ಕಳೆದುಕೊಳ್ಳುತ್ತದೆ. ಇದನ್ನು ಮುಂದೂಡಲು ಮೇಲ್ರೆಕ್ಕೆಯ ಮುಂಚೂಣಿಯಲ್ಲಿ ತಾವಾಗಿಯೇ ತೆರೆದುಕೊಳ್ಳುವ ಸ್ಲಾಟ್ ಪಟ್ಟಿಗಳಿದ್ದುವು. ಒಂದು ರೆಕ್ಕೆ ಮೊದಲು ಸೋತರೆ ವಿಮಾನವು ಸುತ್ತುತ್ತ ಕೆಳಗೆ ಬೀಳುತ್ತದೆ, ಇದೇ ಸ್ಪಿನ್. ಗಾಸ್ಪೋರ್ಟಿನ ತತ್ತ್ವದಂತೆ ಇದನ್ನು ಬೇಕೆಂದೇ ಮಾಡಿಸಿ ಕಲಿಸುತ್ತಿದ್ದರು. ಯುದ್ಧಕಾಲದಲ್ಲಿ, 1941ರ ಸುಮಾರಿಗೆ, ಕೆಲವು ವಿಮಾನಗಳು ಸ್ಪಿನ್ನಿನಿಂದ ಹೊರಬರಲು ತಡಮಾಡುತ್ತವೆ ಎಂಬ ಆತಂಕ ಹುಟ್ಟಿತು. ಪರೀಕ್ಷೆಗಳಾದ ಮೇಲೆ ಬಾಲದ ಮುಂದೆ, ಒಡಲಿನ ಎರಡು ಪಕ್ಕಗಳಲ್ಲಿ ಸಣ್ಣ ಪಟ್ಟಿಗಳನ್ನು ಅಳವಡಿಸಿದರು. ತಪ್ಪನ್ನು ತೋರಿಸುವ ಗುಣವು ಕ್ಷಮಿಸುವ ಗುಣವನ್ನು ಮೀರದಂತೆ ಎಚ್ಚರ ವಹಿಸಬೇಕೆಂಬುದಕ್ಕೆ ಇದು ಸಾಕ್ಷಿ.

ಎರಡನೆಯ ಮಹಾಯುದ್ಧದಲ್ಲಿ ವೈಮಾನಿಕರ ಬೇಡಿಕೆ ಹಠಾತ್ತಾಗಿ ಹೆಚ್ಚಿದಾಗ ಈ ಯಂತ್ರದ ಸರಳತೆಯು ನೆರವಾಯಿತು. ಆಕ್ಸ್‌ಫರ್ಡಿನ ಬಳಿಯ ಕೌಲಿಯಲ್ಲಿದ್ದ ಮಾರಿಸ್ ಮೋಟಾರು ಕಾರ್ಖಾನೆಯೂ ಇದನ್ನು ತಯಾರಿಸಿತು. ಆಸ್ಟ್ರೇಲಿಯ, ಕೆನಡ, ನ್ಯೂಜಿಲೆಂಡ್‌ಗಳಲ್ಲಿಯೂ ಇದು ನಿರ್ಮಿತವಾಯಿತು. ಚಳಿದೇಶವಾದ ಕೆನಡದ ಮಾದರಿಗೆ ಮುಚ್ಚುಗೆಯನ್ನೂ ಚಕ್ರದ ತಡೆಯನ್ನೂ ಸೇರಿಸಿದರು. ಒಟ್ಟು ತಯಾರಾದುವು 8,000ಕ್ಕಿಂತ ಹೆಚ್ಚು. ಬ್ರಿಟಿಷ್ ವಾಯುಪಡೆಯಲ್ಲಿ 1950ರ ದಶಕದಲ್ಲಿ ಚಿಪ್‌ಮಂಕ್ ವಿಮಾನವು ಇದರ ಸ್ಥಾನಕ್ಕೆ ಬಂದಿತು.

ಭಾರತದಲ್ಲಿಯೂ ಯುದ್ಧಕಾಲದ ತರುಣ ವೈಮಾನಿಕರು ಬೇಗಂಪೇಟೆ, ಜೋಧಪುರಗಳ ಪ್ರಾಥಮಿಕ ಶಾಲೆಗಳಲ್ಲಿ ಕಲಿತುದು ಟೈಗರ್ ಮಾಥ್ ಮೇಲೆಯೇ. ನಮ್ಮ ವಾಯುಪಡೆಯಲ್ಲಿ ಇದರ ಉತ್ತರಾಧಿಕಾರಿಯು ಜನಿಸಿದುದು ಬೆಂಗಳೂರಿನಲ್ಲಿ. ವಾಲ್‌ಚಂದ್ ಹೀರಾಚಂದರ ಪ್ರಯತ್ನದಿಂದಲೂ ಮೈಸೂರು ಸರಕಾರದ ಸಹಭಾಗಿತ್ವದಿಂದಲೂ 1940ರಲ್ಲಿ ಸ್ಥಾಪಿತವಾದ ಹಿಂದುಸ್ತಾನ್ ವಿಮಾನ ಕಾರ್ಖಾನೆಯಲ್ಲಿ, ಡಾ. ವಿ. ಎಂ. ಘಾಟಗೆಯವರ ನೇತೃತ್ವದಲ್ಲಿ ಎಚ್.ಟಿ.-2 ವಿಮಾನದ ವಿನ್ಯಾಸವು ಸಿದ್ಧವಾಗಿ, 1951ರ ಆಗಸ್ಟಿನಲ್ಲಿ ಅದು ಮೊದಲು ಹಾರಿತು. ಇದು ಲೋಹದ ಒಂಟಿರೆಕ್ಕೆಯ ವಿಮಾನ. ಗುರುಶಿಷ್ಯರು ಒಬ್ಬರ ಹಿಂದೊಬ್ಬರು ಕೂರುವ ಕ್ರಮವು ಮಾತ್ರ ಬದಲಾಗಲಿಲ್ಲ. ಮೊದಲ ಮಾದರಿಗೆ ಜೋಡಿಸಿದ್ದ ಎಂಜಿನು ಜಿಪ್ಸಿ ಮೇಜರ್ ವಂಶದ್ದೇ ಎಂಬುದು ಗಮನಾರ್ಹ.

ಭಾರತೀಯ ವಾಯುಪಡೆಯು ಜೀರ್ಣೋದ್ಧಾರ ಮಾಡಿಸಿದ ಒಂದು ಟೈಗರ್ ಮಾಥ್ 2012ರ ವಾಯುಪಡೆಯ ದಿನಾಚರಣೆಯಲ್ಲಿ ಮತ್ತೆ ಹಾರಿತು. ಹಳೆಯ ಯಂತ್ರದ ಮೇಲಣ ಮಮತೆಯೊಂದೇ ಅದಕ್ಕೆ ಕಾರಣವೆಂದು ನಾವು ತಿಳಿಯಬೇಕಾಗಿಲ್ಲ. ಇಂದಿನ ಶಿಕ್ಷಣ ವಿಮಾನಗಳಲ್ಲಿ ಉಪಕರಣಗಳು ಹೆಚ್ಚಿವೆ, ಆಸನಗಳು ಸುರಕ್ಷಿತವಾಗಿವೆ. ಆದರೆ ಶಿಷ್ಯನಿಗೆ ಅವನ ತಪ್ಪನ್ನು ಎಷ್ಟು ತೋರಿಸಬೇಕು, ಎಷ್ಟನ್ನು ಯಂತ್ರವೇ ಸರಿಪಡಿಸಿಬಿಡಬೇಕು ಎಂಬ ಪ್ರಶ್ನೆಯು ಪ್ರತಿಯೊಬ್ಬ ವಿನ್ಯಾಸಕನ ಮುಂದೆಯೂ ಹೊಸದಾಗಿಯೇ ನಿಲ್ಲುತ್ತದೆ. 1931ರಲ್ಲಿ ಅದಕ್ಕೆ ದೊರೆತ ಉತ್ತರವು ಇಂದಿಗೂ ಅಧ್ಯಯನಕ್ಕೆ ಯೋಗ್ಯವಾದುದು.