ಕಂಪನಿಯೊಳಗಿನ ವಿದೇಶ ವರ್ಗಾವಣೆ: ಹುದ್ದೆಯ ಹೆಸರೂ ಮಾಡುವ ಕೆಲಸವೂ

ಪುಣೆಯ ಯೆರವಡಾ ಎಂದೊಡನೆ ಹಿಂದಿನ ತಲೆಮಾರಿನವರಿಗೆ ನೆನಪಾಗುತ್ತಿದ್ದುದು ಗಾಂಧೀಜಿಯವರು ಬಂದಿಯಾಗಿದ್ದ, 1932ರ ಪುಣೆ ಒಪ್ಪಂದಕ್ಕೆ ಸಾಕ್ಷಿಯಾದ ಕಾರಾಗೃಹ. ಇಂದು ಅದೇ ಪ್ರದೇಶದಲ್ಲಿ ಕಾಮರ್‌ಜೋನ್‌ನಂತಹ ಕಚೇರಿ ಸಮುಚ್ಚಯಗಳೂ ಇವೆ. ಇಂತಹ ಕಚೇರಿಯಲ್ಲಿ ದುಡಿಯುವ ನೌಕರನನ್ನು ಕಂಪನಿಯು ತನ್ನದೇ ಅಮೆರಿಕದ ಶಾಖೆಗೆ ವರ್ಗಾಯಿಸಬೇಕಾದಾಗ ಬಳಕೆಗೆ ಬರುವುದು ಎಲ್-1 ವೀಸಾ. ಇದು 1970ರ ಅಮೆರಿಕದ ಕಾನೂನಿನಿಂದ ಹುಟ್ಟಿದ ವರ್ಗ.

ಇದಕ್ಕಾಗಿ ಮನವಿ ಸಲ್ಲಿಸುವುದು ಕಂಪನಿಯೇ ಹೊರತು ನೌಕರನಲ್ಲ. ಹಿಂದಿನ ಮೂರು ವರ್ಷಗಳಲ್ಲಿ ಕನಿಷ್ಠ ಒಂದು ವರ್ಷ ಆತನು ಅಮೆರಿಕದ ಹೊರಗೆ, ಅದೇ ಕಂಪನಿಯಲ್ಲಿ ಅಥವಾ ಅದರ ಸಂಬಂಧಿತ ಸಂಸ್ಥೆಯಲ್ಲಿ ಸತತವಾಗಿ ದುಡಿದಿರಬೇಕು. ಆದರೆ ಹೆಚ್ಚಿನ ತೊಡಕು ಉಂಟಾಗುವುದು ಕರ್ತವ್ಯಗಳ ವಿವರಣೆಯಲ್ಲಿ.

ಎಲ್-1 ಎ ವೀಸಾ ವ್ಯವಸ್ಥಾಪಕರಿಗೆ ಮತ್ತು ಉನ್ನತ ಕಾರ್ಯನಿರ್ವಾಹಕರಿಗೆ ಮೀಸಲು. ವ್ಯವಸ್ಥಾಪಕನೆನಿಸಲು ಆತನು ಒಂದು ವಿಭಾಗವನ್ನು ನಡೆಸುತ್ತಿರಬೇಕು. ಇತರ ಮೇಲ್ವಿಚಾರಕರ ಅಥವಾ ವೃತ್ತಿಪರರ ಕೆಲಸವನ್ನು ನಿಯಂತ್ರಿಸುತ್ತಿರಬೇಕು. ಅವರ ನೇಮಕ, ಬಡ್ತಿಗಳ ಬಗೆಗೆ ಅಧಿಕಾರ ಅಥವಾ ಶಿಫಾರಸು ಮಾಡುವ ಹಕ್ಕು ಇರಬೇಕು. ಕೈಕೆಳಗೆ ಜನರಿಲ್ಲದಿದ್ದರೂ ಸಂಸ್ಥೆಯ ಅತ್ಯಗತ್ಯ ಕಾರ್ಯವೊಂದನ್ನು ಉನ್ನತ ಮಟ್ಟದಲ್ಲಿ ನಿರ್ವಹಿಸುವವನನ್ನು ಕಾನೂನು ಒಪ್ಪುತ್ತದೆ.

ಯೆರವಡಾದಲ್ಲಿ ‘ಪ್ರಾಜೆಕ್ಟ್ ಮ್ಯಾನೇಜರ್’ ಎಂಬ ಹೆಸರಿನಲ್ಲಿರುವ ವಿಜಯಪುರದ ಎಂಜಿನಿಯರೊಬ್ಬರನ್ನು ಕಲ್ಪಿಸಿಕೊಳ್ಳೋಣ. ಅವರ ದಿನದ ಬಹುಭಾಗ ಪ್ರೋಗ್ರಾಂ ಬರೆಯುವುದರಲ್ಲೇ ಕಳೆಯುವುದಾದರೆ ಆ ಹೆಸರಿನಿಂದ ಪ್ರಯೋಜನವಿಲ್ಲ. ‘ತಂಡವನ್ನು ಮುನ್ನಡೆಸುತ್ತಾರೆ’ ಎಂಬ ಒಂದು ಸಾಲೂ ಸಾಲದು. ತಂಡದಲ್ಲಿ ಯಾರಿದ್ದಾರೆ, ಯಾವ ನಿರ್ಣಯ ಇವರದು, ಯಾವ ಕೆಲಸಕ್ಕೆ ಎಷ್ಟು ಸಮಯ ಎಂಬುದನ್ನು ವಿವರಿಸಬೇಕು.

ಎಲ್-1 ಬಿ ವೀಸಾ ವಿಶೇಷ ಜ್ಞಾನವುಳ್ಳವರಿಗೆ. ಎಲ್ಲರಿಗೂ ತಿಳಿದಿರುವ ಕಂಪ್ಯೂಟರ್ ಭಾಷೆಯ ನೈಪುಣ್ಯ ಇದಾಗದು. ಕಂಪನಿಯ ಸ್ವಂತ ಉತ್ಪನ್ನ, ತಂತ್ರ ಅಥವಾ ಕಾರ್ಯವಿಧಾನಗಳ ಅಸಾಮಾನ್ಯ ಅರಿವು ಇರಬೇಕು. ಅದು ಹೇಗೆ ಬಂದಿತೆಂಬುದನ್ನೂ ತೋರಿಸಬೇಕು. ನಮ್ಮ ಸಾಫ್ಟ್‌ವೇರ್ ನೌಕರರು ಗಮನಿಸಬೇಕಾದ ಇನ್ನೊಂದು ನಿಯಮವು 2004ರ ಸುಧಾರಣಾ ಕಾನೂನಿನಲ್ಲಿದೆ. ಎಲ್-1 ಬಿ ನೌಕರನು ಮುಖ್ಯವಾಗಿ ಗ್ರಾಹಕ ಸಂಸ್ಥೆಯ ಸ್ಥಳದಲ್ಲಿದ್ದು, ಅದರ ಹತೋಟಿಯಲ್ಲೇ ದುಡಿಯುವಂತಿಲ್ಲ. ಕೇವಲ ಆಳು ಒದಗಿಸುವ ಏರ್ಪಾಟಿಗೂ ಅವಕಾಶವಿಲ್ಲ.

ದೂತಾವಾಸದ ಅಧಿಕಾರಿಯು ಸಂದರ್ಶನದಲ್ಲಿ ಕೇಳುವುದು ಬಹುಮಟ್ಟಿಗೆ ಇದನ್ನೇ. ಕಂಪನಿಯ ಪತ್ರವನ್ನು ಓದದೆಯೇ ಹೋಗುವ ಅಭ್ಯರ್ಥಿಯ ಉತ್ತರವು ಅದಕ್ಕೆ ಹೊಂದದಿದ್ದರೆ ವೀಸಾ ನಿರಾಕರಣೆಯಾಗಬಹುದು. ಉದ್ದೇಶಪೂರ್ವಕವಾಗಿ ಸುಳ್ಳು ಹೇಳಿದ್ದು ಸಾಬೀತಾದರೆ ಆ ದೇಶದ ಪ್ರವೇಶಕ್ಕೆ ಶಾಶ್ವತ ಅನರ್ಹತೆಯೂ ಒದಗೀತು. ಆದುದರಿಂದ ಪತ್ರದ ಪ್ರತಿಯನ್ನು ಮೊದಲೇ ಕೇಳಿ ಪಡೆದು, ತಮ್ಮ ಕೆಲಸಕ್ಕೆ ಸಲ್ಲದ ಮಾತಿದ್ದರೆ ತಿದ್ದಿಸಿಕೊಳ್ಳುವುದು ಸೂಕ್ತ.

ವಾಸ್ತವ್ಯದ ಗರಿಷ್ಠ ಅವಧಿ ಎಲ್-1 ಎಗೆ ಏಳು ವರ್ಷ, ಎಲ್-1 ಬಿಗೆ ಐದು ವರ್ಷ. ಎಲ್-1 ಬಿ ಮೇಲೆ ಹೋಗಿ ಅಲ್ಲಿ ವ್ಯವಸ್ಥಾಪಕನಾದವನು ಏಳು ವರ್ಷದ ಸೌಲಭ್ಯ ಪಡೆಯಲು, ಕಂಪನಿಯು ತಿದ್ದುಪಡಿ ಮನವಿ ಸಲ್ಲಿಸಿರಬೇಕು ಹಾಗೂ ಆತನು ಆ ಹುದ್ದೆಯಲ್ಲಿ ಕನಿಷ್ಠ ಆರು ತಿಂಗಳು ಕೆಲಸ ಮಾಡಿರಬೇಕು.