ಅರವತ್ತಕ್ಕೆ ಅರವತ್ತೇ ತೋರಿಸಬೇಕು

ಹಳೆಯ ಅಂಬಾಸಿಡರ್ ಕಾರನ್ನು ಪ್ರೀತಿಯಿಂದ ಇಟ್ಟುಕೊಂಡವರಿಗೆ ಒಂದಲ್ಲ ಒಂದು ದಿನ ಗೇರ್‌ಬಾಕ್ಸ್ ಬದಲಾಯಿಸುವ ಯೋಚನೆ ಬಂದೇ ಬರುತ್ತದೆ. ಸ್ಟೇರಿಂಗ್ ಪಕ್ಕದ ಹಿಡಿಕೆಯಲ್ಲಿ ಹಾಕುವ ನಾಲ್ಕು ಗೇರು ಊರೊಳಗೆ ಸಾಕು, ಹೆದ್ದಾರಿಯಲ್ಲಿ ಎಂಜಿನ್ ಅರಚಿಕೊಳ್ಳುತ್ತದೆ. 1990ರ ದಶಕದಲ್ಲಿ ಹಿಂದುಸ್ತಾನ್ ಮೋಟಾರ್ಸ್ ಕಂಪನಿಯೇ ಇಸುಜು ಎಂಜಿನ್ ಮತ್ತು ಐದು ಗೇರಿನ ಗೇರ್‌ಬಾಕ್ಸ್ ಹಾಕಿ ಅಂಬಾಸಿಡರ್ ಮಾರಿತ್ತು. ಅದನ್ನೇ ತಂದು ಹಳೆಯ ಗಾಡಿಗೆ ಕೂರಿಸುವವರು ಈಗಲೂ ಇದ್ದಾರೆ. ಕೆಲಸ ಮುಗಿದು ಕಾರು ರಸ್ತೆಗಿಳಿದಾಗ ಎಲ್ಲವೂ ಚೆನ್ನಾಗಿರುತ್ತದೆ, ಸ್ಪೀಡೋಮೀಟರ್ ಒಂದನ್ನು ಬಿಟ್ಟು. ಪಕ್ಕದ ಸೀಟಿನವರ ಮೊಬೈಲು 50 ಅನ್ನುತ್ತದೆ, ಮುಳ್ಳು 60ರ ಹತ್ತಿರ ನಿಂತಿರುತ್ತದೆ.

ಬಣ್ಣಕ್ಕೆ, ಕ್ರೋಮ್ ಪಟ್ಟಿಗಳಿಗೆ, ಸೀಟಿನ ಹೊಲಿಗೆಗೆ ತಿಂಗಳುಗಟ್ಟಲೆ ತಲೆಕೆಡಿಸಿಕೊಂಡವರೂ ಇಲ್ಲಿಗೆ ಬಂದಾಗ ‘ಇರಲಿ ಬಿಡಿ’ ಎಂದುಬಿಡುತ್ತಾರೆ. ನನಗೆ ಇದು ಒಪ್ಪಿಗೆಯಿಲ್ಲ. ಓಡುವಾಗ ಕಾರು ತನ್ನ ಬಗ್ಗೆ ನಮಗೆ ಹೇಳುವುದು ಆ ಡಯಲ್ಲಿನಿಂದಲೇ. ಅದನ್ನು ಸರಿಮಾಡುವ ಕಸುಬು ಗೊತ್ತಿರುವವರು ಇನ್ನೂ ಇದ್ದಾರೆ, ಬೇಕಾದ ಲೆಕ್ಕವೂ ಹೈಸ್ಕೂಲಿನ ಗಣಿತಕ್ಕಿಂತ ದೊಡ್ಡದಲ್ಲ.

ಮೊದಲು ಒಂದು ತಪ್ಪು ತಿಳಿವಳಿಕೆ ಬಿಡಿಸಬೇಕು. ಐದನೇ ಗೇರು ಬಂದದ್ದರಿಂದಲೇ ಮುಳ್ಳು ದಾರಿ ತಪ್ಪಿತು ಎಂದು ಎಷ್ಟೋ ಜನ ಭಾವಿಸಿದ್ದಾರೆ. ಹಾಗಲ್ಲ. ಸ್ಪೀಡೋಮೀಟರಿನ ಕೇಬಲ್ ಹೊರಡುವುದು ಗೇರ್‌ಬಾಕ್ಸಿನ ಹಿಂಬದಿಯಲ್ಲಿ, ಎಲ್ಲ ಗೇರುಗಳನ್ನೂ ದಾಟಿ ಹೊರಬರುವ ಶಾಫ್ಟಿನಿಂದ. ಒಂದನೇ ಗೇರಿರಲಿ ಐದನೆಯದಿರಲಿ, ನ್ಯೂಟ್ರಲ್‌ನಲ್ಲಿ ತಳ್ಳುತ್ತಿರಲಿ, ಆ ಶಾಫ್ಟು ತಿರುಗುವುದು ಹಿಂದಿನ ಚಕ್ರಗಳ ಲೆಕ್ಕಕ್ಕೇ. ಶಾಫ್ಟಿನ ಮೇಲೆ ತಿರುಪಿನಂಥ ಹಲ್ಲುಗಳ ವರ್ಮ್, ಅದಕ್ಕೆ ತಾಗಿಕೊಂಡು ಒಂದು ಪುಟ್ಟ ಪಿನಿಯನ್, ಪಿನಿಯನ್ನಿನ ತುದಿಗೆ ಕೇಬಲ್. ಈ ಎರಡರ ಹಲ್ಲುಗಳನ್ನು ಕಾರ್ಖಾನೆಯವರು ಒಂದು ನಿರ್ದಿಷ್ಟ ಹಿಂದಿನ ಆಕ್ಸಲ್ಲಿಗೆ, ಒಂದು ನಿರ್ದಿಷ್ಟ ಅಳತೆಯ ಟೈರಿಗೆ ಹೊಂದಿಸಿ ಕಡಿದಿರುತ್ತಾರೆ. ಬೇರೆ ಕಾರಿನ ಗೇರ್‌ಬಾಕ್ಸ್ ತಂದಾಗ ಆ ಬೇರೆ ಕಾರಿನ ಲೆಕ್ಕವೂ ಅದರ ಜೊತೆಗೇ ಬರುತ್ತದೆ.

ಕೇಬಲ್ಲಿನ ಇನ್ನೊಂದು ತುದಿಯಲ್ಲಿರುವ ಯಂತ್ರವನ್ನು ಬಿಚ್ಚಿ ನೋಡಿದವರಿಗೆ ಅದರ ಸರಳತೆ ಬೆರಗು ಹುಟ್ಟಿಸುತ್ತದೆ. ಜರ್ಮನಿಯ ಓಟ್ಟೊ ಶುಲ್ಟ್ಜೆ 1902ರಲ್ಲಿ ಪೇಟೆಂಟ್ ಪಡೆದ ಉಪಾಯ ಅದು. ಕೇಬಲ್ಲು ಒಂದು ಆಯಸ್ಕಾಂತವನ್ನು ತಿರುಗಿಸುತ್ತದೆ. ಅದರ ಸುತ್ತ, ಎಲ್ಲಿಯೂ ತಾಗದಂತೆ, ಅಲ್ಯೂಮಿನಿಯಮ್ಮಿನ ತೆಳು ಬಟ್ಟಲು ಕವುಚಿಕೊಂಡಿದೆ. ಅಲ್ಯೂಮಿನಿಯಂ ಆಯಸ್ಕಾಂತಕ್ಕೆ ಅಂಟುವ ಲೋಹವಲ್ಲ. ಆದರೂ ಆಯಸ್ಕಾಂತ ತಿರುಗಿದಾಗ ಬಟ್ಟಲಿನ ಮೈಯಲ್ಲಿ ವಿದ್ಯುತ್ತು ಸುಳಿಸುಳಿಯಾಗಿ ಹುಟ್ಟಿ, ಅದನ್ನೂ ಅದೇ ದಿಕ್ಕಿಗೆ ಎಳೆಯುತ್ತದೆ. ತಿರುಗದಂತೆ ತಡೆಯುವುದು ಗಡಿಯಾರದೊಳಗಿನ ಸ್ಪ್ರಿಂಗಿನಂಥ ಕೂದಲೆಳೆಯ ಸುರುಳಿ. ಎಳೆತ ಮತ್ತು ತಡೆ ಸಮವಾದ ಜಾಗದಲ್ಲಿ ಬಟ್ಟಲು ನಿಲ್ಲುತ್ತದೆ, ಅದಕ್ಕೆ ಸೇರಿದ ಮುಳ್ಳೂ ನಿಲ್ಲುತ್ತದೆ. ಓಡೋಮೀಟರಿನ ಕಥೆಯೇ ಬೇರೆ. ಅಲ್ಲಿ ಆಯಸ್ಕಾಂತದ ಕೆಲಸವಿಲ್ಲ, ಕೇಬಲ್ಲಿನ ಸುತ್ತುಗಳನ್ನು ಹಲ್ಲಿನ ಚಕ್ರಗಳು ನೇರವಾಗಿ ಎಣಿಸಿ ಅಂಕಿ ಉರುಳಿಸುತ್ತವೆ.

ಕಸುಬಿನ ಗುಟ್ಟೆಲ್ಲ ಇರುವುದು ಈ ವ್ಯತ್ಯಾಸದಲ್ಲಿ. ಮುಳ್ಳು ಹೆಚ್ಚು ತೋರಿಸುತ್ತಿದೆ ಎಂದು ಮೀಟರು ಬಿಚ್ಚಿ ಆಯಸ್ಕಾಂತದ ಶಕ್ತಿಯನ್ನು ಸ್ವಲ್ಪ ತಗ್ಗಿಸಿದರೆ, ಅಥವಾ ಸ್ಪ್ರಿಂಗನ್ನು ಬಿಗಿಮಾಡಿದರೆ, ಮುಳ್ಳು ಸರಿಹೋಗಬಹುದು. ಕಿಲೋಮೀಟರಿನ ಅಂಕಿಗಳು ಮಾತ್ರ ಮೊದಲಿನಂತೆಯೇ ತಪ್ಪಾಗಿ ಉರುಳುತ್ತಿರುತ್ತವೆ. ಆಯಿಲ್ ಬದಲಾಯಿಸುವ ದಿನ, ಮೈಲೇಜಿನ ಲೆಕ್ಕ, ನಾಳೆ ಕೊಳ್ಳುವವರಿಗೆ ಹೇಳುವ ಮಾತು, ಎಲ್ಲವೂ ಆ ಅಂಕಿಗಳ ಮೇಲೆ ನಿಂತಿವೆ. ಆದ್ದರಿಂದ ಮೊದಲು ಸರಿಯಾಗಬೇಕಾದದ್ದು ಕೇಬಲ್ಲಿನ ಸುತ್ತು. ಮುಳ್ಳಿನ ಸರದಿ ಆಮೇಲೆ.

ಎಷ್ಟು ಸುತ್ತು ಬೇಕೆಂದು ಡಯಲ್ಲೇ ಹೇಳುವುದುಂಟು. ಬ್ರಿಟನ್ನಿನ ಸ್ಮಿತ್ಸ್ ಕಂಪನಿಯ ಹಳೆಯ ಡಯಲ್‌ಗಳ ಮುಖದ ಮೇಲೆ, ಕಣ್ಣಿಟ್ಟು ನೋಡಿದರೆ ಮಾತ್ರ ಕಾಣುವ ಸಣ್ಣ ಅಕ್ಷರದಲ್ಲಿ, ಮೈಲಿಗೆ ಎಷ್ಟು ಸುತ್ತು ಎಂಬ ಸಂಖ್ಯೆ ಇರುತ್ತದೆ. ಅದು 1000 ಎಂದಿದ್ದರೆ ಕಿಲೋಮೀಟರಿಗೆ 621. ಜಪಾನಿನ ಎಷ್ಟೋ ವಾಹನಗಳಲ್ಲಿ ಕಿಲೋಮೀಟರಿಗೆ 637.

ಈಗಿನ ಗೇರ್‌ಬಾಕ್ಸ್ ಎಷ್ಟು ಸುತ್ತು ಕೊಡುತ್ತಿದೆ ಎಂದು ತಿಳಿಯಲು ಸಮತಟ್ಟಾದ ನೆಲ, ಅಳತೆ ಟೇಪು, ಸೀಮೆಸುಣ್ಣ ಸಾಕು. ಟೈರಿಗೆ ಸರಿಯಾದ ಗಾಳಿ ತುಂಬಿ, ಚಾಲಕನ ಜಾಗದಲ್ಲಿ ಒಬ್ಬರನ್ನು ಕೂರಿಸಿ, ಗೇರು ನ್ಯೂಟ್ರಲ್‌ಗೆ ಹಾಕಬೇಕು. ಡಯಲ್ಲಿನ ಹಿಂಬದಿಯಿಂದ ಕೇಬಲ್ ಬಿಚ್ಚಿ, ಒಳಗಿನ ತಂತಿಯ ಚೌಕ ತುದಿಗೆ ಕಾಗದದ ಚಿಕ್ಕ ಬಾವುಟ ಅಂಟಿಸಬೇಕು. ನೆಲದ ಮೇಲೆ 20 ಮೀಟರ್ ಗುರುತುಮಾಡಿ, ಇಬ್ಬರು ನಿಧಾನಕ್ಕೆ ಕಾರು ತಳ್ಳುತ್ತ ಹೋದರೆ ಒಳಗೆ ಕುಳಿತವರು ಬಾವುಟ ಎಷ್ಟು ಸುತ್ತಿತೆಂದು ಎಣಿಸುತ್ತಾರೆ. ಬಂದ ಸಂಖ್ಯೆಯನ್ನು 50ರಿಂದ ಗುಣಿಸಿದರೆ ಕಿಲೋಮೀಟರಿನ ಲೆಕ್ಕ ಸಿಕ್ಕಿತು. ತಳ್ಳಲು ಜಾಗವಿಲ್ಲದವರು ಹಿಂದಿನ ಚಕ್ರಕ್ಕೆ ಜಾಕ್ ಕೊಟ್ಟು ಕೈಯಲ್ಲೇ ತಿರುಗಿಸುತ್ತಾರೆ. ಆಗ ಒಂದು ಎಚ್ಚರ ಬೇಕು: ಒಂದೇ ಚಕ್ರ ಎತ್ತಿ ತಿರುಗಿಸಿದರೆ ಡಿಫರೆನ್ಷಿಯಲ್ಲಿನ ಕಾರಣದಿಂದ ಶಾಫ್ಟು ಅರ್ಧದಷ್ಟೇ ತಿರುಗುತ್ತದೆ. ಇದನ್ನು ಮರೆತರೆ ಉತ್ತರವೂ ಅರ್ಧವೇ.

ಉದಾಹರಣೆಗೆ, ಡಯಲ್ಲಿನ ಮೇಲೆ 1000 ಇದೆ, 20 ಮೀಟರಿಗೆ ಹದಿನಾಲ್ಕೂವರೆ ಸುತ್ತು ಬಂತು ಎನ್ನೋಣ. ಕಿಲೋಮೀಟರಿಗೆ 725 ಆಯಿತು. ಬೇಕಾದದ್ದು 621. ಆರು ಸುತ್ತು ಬರಬೇಕಾದಲ್ಲಿ ಏಳು ಬರುತ್ತಿದೆ. ಕಾರು ಗಂಟೆಗೆ 30 ಮೈಲಿ ಓಡುವಾಗ ಮುಳ್ಳು 35 ತೋರಿಸುತ್ತದೆ. ಪಿನಿಯನ್ನಿಗೆ 18 ಹಲ್ಲಿದ್ದರೆ ಅದರ ಜಾಗಕ್ಕೆ 21 ಹಲ್ಲಿನದು ಬರಬೇಕು.

ಅಮೆರಿಕದ ಜನರಲ್ ಮೋಟಾರ್ಸ್, ಫೋರ್ಡ್ ಗೇರ್‌ಬಾಕ್ಸ್‌ಗಳಿಗೆ ಇದು ಸುಲಭ. ಹಲ್ಲಿನ ಸಂಖ್ಯೆಗೆ ಒಂದೊಂದು ಬಣ್ಣದಂತೆ ಪ್ಲಾಸ್ಟಿಕ್ ಪಿನಿಯನ್‌ಗಳು ಸಿಗುತ್ತವೆ. ನಮ್ಮ ಅಂಬಾಸಿಡರ್, ಫಿಯೆಟ್‌ಗಳಿಗೆ ಆ ಸೌಕರ್ಯವಿಲ್ಲ. ಬೆಂಗಳೂರಿನ ಜೆ.ಸಿ. ರಸ್ತೆ, ಕಲಾಸಿಪಾಳ್ಯದ ಬಿಡಿಭಾಗಗಳ ಅಂಗಡಿಗಳಲ್ಲಿ ಹಳೆಯ ಗೇರ್‌ಬಾಕ್ಸ್‌ಗಳ ಪಿನಿಯನ್‌ಗಳನ್ನು ಹುಡುಕಬೇಕು, ಇಲ್ಲವೇ ಗೇರು ಕಡಿಯುವ ಕಾರ್ಯಾಗಾರಕ್ಕೆ ಹೋಗಿ ಮಾಡಿಸಬೇಕು. ಹಲ್ಲು ಹೆಚ್ಚಿದರೆ ಪಿನಿಯನ್ನಿನ ಗಾತ್ರವೂ ಹೆಚ್ಚುವುದರಿಂದ ಅದು ಕೂರುವ ಗೂಡು ಎಲ್ಲವನ್ನೂ ಒಪ್ಪುವುದಿಲ್ಲ. ಆಗ ಉಳಿಯುವ ದಾರಿ, ಕೇಬಲ್ಲಿನ ನಡುವೆ ಕೂರಿಸುವ ಬೆಂಕಿಪೊಟ್ಟಣದಷ್ಟು ಚಿಕ್ಕದಾದ ರೇಶಿಯೋ ಬಾಕ್ಸ್. ಏಳು ಸುತ್ತು ಒಳಗೆ ಹೋದರೆ ಆರು ಹೊರಗೆ ಬರುವಂತೆ ಒಳಗಿನ ಗೇರುಗಳನ್ನು ಜೋಡಿಸಿರುತ್ತಾರೆ. ಕೇಬಲ್ಲಿಗೆ ಜಾಗವೇ ಇಲ್ಲದೆ ಸೆನ್ಸರ್ ಮಾತ್ರ ಇರುವ ಹೊಸ ಗೇರ್‌ಬಾಕ್ಸ್ ಹಾಕಿದವರಿಗೆ, ಸೆನ್ಸರಿನ ಸಂಕೇತ ಓದಿ ಚಿಕ್ಕ ಮೋಟಾರಿನಿಂದ ಕೇಬಲ್ ತಿರುಗಿಸುವ ಎಲೆಕ್ಟ್ರಾನಿಕ್ ಪೆಟ್ಟಿಗೆಗಳೂ ಬಂದಿವೆ.

ಸುತ್ತು ಸರಿಯಾದ ಮೇಲೆ ಮೀಟರ್ ರಿಪೇರಿಯವರ ಮೇಜು. ಕಿಲೋಮೀಟರಿನ ಡಯಲ್ಲಾದರೆ ಪರೀಕ್ಷೆ ಬಹಳ ಚಂದ. ಗಂಟೆಗೆ 60 ಎಂದರೆ ನಿಮಿಷಕ್ಕೆ ಒಂದು ಕಿಲೋಮೀಟರ್. ಹಾಗಾಗಿ ಕಿಲೋಮೀಟರಿಗೆ ಎಷ್ಟು ಸುತ್ತೋ, ನಿಮಿಷಕ್ಕೆ ಅಷ್ಟೇ ಸುತ್ತು ತಿರುಗಿಸಿದಾಗ ಮುಳ್ಳು 60ರ ಮೇಲೆ ನಿಲ್ಲಬೇಕು. ವೇಗ ಹೊಂದಿಸಬಲ್ಲ ಮೋಟಾರು ಮತ್ತು ಟ್ಯಾಕೋಮೀಟರ್ ಇದ್ದರೆ ಕಾರು ಹೊರಡಿಸದೆಯೇ ಇಡೀ ಡಯಲ್ಲನ್ನು ತಾಳೆ ನೋಡಬಹುದು. ವಯಸ್ಸಾದ ಆಯಸ್ಕಾಂತ ಶಕ್ತಿ ಕಳೆದುಕೊಂಡಿದ್ದರೆ ಅದಕ್ಕೆ ಪೂರ್ತಿ ಶಕ್ತಿ ತುಂಬಿ, ಆಮೇಲೆ ಮುಳ್ಳು ಸರಿಯಾದ ಅಂಕಿಗೆ ಇಳಿಯುವವರೆಗೆ ಸ್ವಲ್ಪಸ್ವಲ್ಪವೇ ತಗ್ಗಿಸುತ್ತಾರೆ. ಆಟೋರಿಕ್ಷಾದ ಬಾಡಿಗೆ ಮೀಟರಿಗೆ ಕಾನೂನು ಮಾಪನಶಾಸ್ತ್ರ ಇಲಾಖೆಯ ಮುದ್ರೆ ಬೇಕು. ಹಳೆಯ ಕಾರಿನ ಸ್ಪೀಡೋಮೀಟರಿಗೆ ಅಂಥ ಮುದ್ರೆಯಿಲ್ಲ, ಕೆಲಸಗಾರನ ಪ್ರಾಮಾಣಿಕತೆಯೇ ಮುದ್ರೆ. ‘ಹೇಗೂ ಬಿಚ್ಚಿದ್ದೀರಿ, ಅಂಕಿಗಳನ್ನು ಹಿಂದಕ್ಕೆ ತಿರುಗಿಸಿಬಿಡಿ’ ಎಂದು ಕೇಳುವ ಗಿರಾಕಿಯನ್ನು ವಾಪಸು ಕಳಿಸುವ ಮೇಸ್ತ್ರಿಯ ಕೈಗೇ ಮೀಟರು ಕೊಡಬೇಕು.

ಕೇಬಲ್ಲಿನ ಬಗ್ಗೆಯೂ ಒಂದು ಮಾತು. ಒಣಗಿದ ಅಥವಾ ಬಾಗಿದ ಕೇಬಲ್ಲಿನಿಂದ ಮುಳ್ಳು ನಡುಗುತ್ತದೆ, ಬೈಗುಳ ಮಾತ್ರ ಮೀಟರಿಗೆ. ಗ್ರೀಸು ತೆಳುವಾಗಿ ಹಚ್ಚಬೇಕು, ಡಯಲ್ಲಿನ ಕಡೆಯ ಕೆಲವು ಅಂಗುಲ ಬಿಟ್ಟು. ಇಲ್ಲದಿದ್ದರೆ ಅದು ತಂತಿಯ ಜೊತೆ ಮೇಲೇರಿ ಬಟ್ಟಲಿನೊಳಗೆ ಸೇರುತ್ತದೆ.

ಕೊನೆಗೆ ರಸ್ತೆ. ಮುಳ್ಳನ್ನು 60ರಲ್ಲಿ ಹಿಡಿದು, ಪಕ್ಕದಲ್ಲಿ ಕುಳಿತವರು ಕಿಲೋಮೀಟರ್ ಕಲ್ಲಿನಿಂದ ಕಲ್ಲಿಗೆ ಸಮಯ ನೋಡಬೇಕು. 60 ಸೆಕೆಂಡಾದರೆ ಸರಿ, 72 ಆದರೆ ನಿಜವಾದ ವೇಗ 50. ಮೊಬೈಲಿನ ಜಿಪಿಎಸ್ ಈ ಕೆಲಸ ಹಗುರ ಮಾಡಿದೆ. ವಿಶ್ವಸಂಸ್ಥೆಯ 39ನೇ ವಾಹನ ನಿಯಮ ಹೊಸ ಕಾರುಗಳ ಸ್ಪೀಡೋಮೀಟರ್ ನಿಜಕ್ಕಿಂತ ಕಡಿಮೆ ತೋರಿಸಕೂಡದು ಎನ್ನುತ್ತದೆ, ತುಸು ಹೆಚ್ಚು ತೋರಿಸಿದರೆ ಒಪ್ಪುತ್ತದೆ. ಹಳೆಯ ಕಾರಿಗೂ ಅದೇ ಪಕ್ಷ ಕ್ಷೇಮ.

ಹೊಸ ಪಿನಿಯನ್ ಹಾಕಿದ ದಿನಾಂಕ, ಅಂದು ಓಡೋಮೀಟರಿನಲ್ಲಿದ್ದ ಅಂಕಿ, ಹಲ್ಲುಗಳ ಸಂಖ್ಯೆ, ಟೈರಿನ ಅಳತೆ, ಇಷ್ಟನ್ನೂ ಒಂದು ಹಾಳೆಯಲ್ಲಿ ಬರೆದು ಕಾರಿನ ಕಾಗದಪತ್ರಗಳ ಜೊತೆ ಇಡಬೇಕು. ಮುಂದೆ ಬೇರೆ ಅಳತೆಯ ಟೈರು ಹಾಕಿದರೆ ಅಥವಾ ಹಿಂದಿನ ಆಕ್ಸಲ್ ಬದಲಾದರೆ, ಆಗಿನ ಮೆಕ್ಯಾನಿಕ್ ಲೆಕ್ಕ ಶುರುಮಾಡುವುದು ಆ ಹಾಳೆಯಿಂದಲೇ.