ನಂದಿ ಬೆಟ್ಟದ ‘ಮೋಡದ ಸಮುದ್ರ’: ಮಂಜಿನಲ್ಲಿ ನಾಲ್ಕೂ ಇಂಡಿಕೇಟರ್ ಹಾಕಿಕೊಂಡು ಹೋಗಬಹುದೇ?

‘ಬೆಂಗಳೂರಿನಿಂದ ಒಂದೇ ದಿನದ ವೀಕೆಂಡ್ ಟ್ರಿಪ್! ಬೆಳಗಿನ ಜಾವ ಮೂರಕ್ಕೆ ಹೊರಡಿ. ನಂದಿ ಬೆಟ್ಟದಲ್ಲಿ ಸೂರ್ಯೋದಯ, ಆಮೇಲೆ ಕೈವಾರ, ಕೈಲಾಸಗಿರಿ, ಸಂಜೆಗೆ ಮುರುಗಮಲ್ಲ ದರ್ಗಾ. ದಾರಿಯಲ್ಲಿ ಮಂಜು ಸಿಕ್ಕರೆ ನಾಲ್ಕೂ ಇಂಡಿಕೇಟರ್ ಹಾಕಿಕೊಳ್ಳಿ, ಹಳದಿ ಲೈಟ್ ಇದ್ದರೆ ಮಂಜನ್ನು ಸೀಳಿಕೊಂಡು ಹೋಗುತ್ತದೆ.’

ಚಳಿಗಾಲ ಬಂತೆಂದರೆ ಇಂಥ ಮೆಸೇಜ್‌ಗಳು ಫ್ಯಾಮಿಲಿ ಗ್ರೂಪ್‌ಗಳಲ್ಲಿ ಓಡಾಡತೊಡಗುತ್ತವೆ. ಜೊತೆಗೆ, ಬೆಟ್ಟದ ಮೇಲಿಂದ ತೆಗೆದ, ಹತ್ತಿ ಹಾಸಿದಂತೆ ಕಾಣುವ ಮೋಡದ ಫೋಟೊ. ಊರುಗಳ ಆಯ್ಕೆಯ ಬಗ್ಗೆ ನಮ್ಮ ತಕರಾರಿಲ್ಲ. ತಕರಾರು ಹೊರಡುವ ಹೊತ್ತು ಮತ್ತು ಕೊನೆಯ ಎರಡು ಸಲಹೆಗಳ ಬಗ್ಗೆ.

ಫೋಟೊದಲ್ಲಿರುವುದು ಏನು?

ಚಳಿಗಾಲದ ರಾತ್ರಿ ಆಕಾಶ ತಿಳಿಯಾಗಿದ್ದು ಗಾಳಿ ಬೀಸದಿದ್ದರೆ, ನೆಲ ಬೇಗ ತಣ್ಣಗಾಗುತ್ತದೆ. ನೆಲಕ್ಕೆ ತಾಗಿದ ಗಾಳಿಯೂ ತಣ್ಣಗಾಗಿ, ಅದರಲ್ಲಿನ ನೀರಾವಿ ಸಣ್ಣ ಹನಿಗಳಾಗುತ್ತದೆ. ಅದೇ ಮಂಜು. ತಣ್ಣನೆಯ ಗಾಳಿ ಭಾರವಾದ್ದರಿಂದ ಕೆರೆಯಂಗಳ, ತಗ್ಗು ಪ್ರದೇಶಗಳಲ್ಲಿ ಮಡುಗಟ್ಟುತ್ತದೆ. ನಂದಿ ಬೆಟ್ಟದ ಎತ್ತರ 1,478 ಮೀಟರ್, ಸುತ್ತಲಿನ ಬಯಲಿಗಿಂತ ಸುಮಾರು 500 ಮೀಟರ್ ಮೇಲೆ. ಹಾಗಾಗಿ ತುದಿಯಲ್ಲಿ ನಿಂತವರಿಗೆ ಆ ಮಂಜಿನ ಮೇಲ್ಮೈ ಮಾತ್ರ ಕಾಣುತ್ತದೆ, ಅದು ‘ಮೋಡದ ಸಮುದ್ರ’ ಎನಿಸುತ್ತದೆ. (ಮಳೆಗಾಲದಲ್ಲಿ ನಿಜವಾದ ಮೋಡವೇ ಬೆಟ್ಟವನ್ನು ಮುಚ್ಚಿಕೊಳ್ಳುವುದೂ ಉಂಟು. ಆಗ ಮೇಲೆ ಹೋದರೂ ಪಕ್ಕದವರ ಮುಖ ಕಂಡರೆ ಹೆಚ್ಚು.)

ಅಂದರೆ, ಮೇಲಿಂದ ಯಾವುದು ಸುಂದರವಾಗಿ ಕಾಣುತ್ತದೋ, ಒಂದೆರಡು ಗಂಟೆ ಮೊದಲು ನೀವು ಕುಟುಂಬ ಸಮೇತ ಗಾಡಿ ಓಡಿಸಿಕೊಂಡು ಬಂದದ್ದು ಅದರೊಳಗೇ. ಫೋಟೊ ಚೆನ್ನಾಗಿ ಬಂದಷ್ಟೂ ಕೆಳಗಿನ ರಸ್ತೆ ಕಾಣದಂತಾಗಿರುತ್ತದೆ.

2023ರ ಅಕ್ಟೋಬರ್ 26ರ ಬೆಳಗ್ಗೆ ಚಿಕ್ಕಬಳ್ಳಾಪುರದ ಹೊರವಲಯದಲ್ಲಿ, ರಾಷ್ಟ್ರೀಯ ಹೆದ್ದಾರಿ 44ರಲ್ಲಿ, ನಿಂತಿದ್ದ ಟ್ಯಾಂಕರ್‌ಗೆ ಟಾಟಾ ಸುಮೊ ಡಿಕ್ಕಿ ಹೊಡೆದು ಹತ್ತಕ್ಕೂ ಹೆಚ್ಚು ಜನ ತೀರಿಕೊಂಡರು. ದಟ್ಟ ಮಂಜಿನಿಂದ ರಸ್ತೆ ಸರಿಯಾಗಿ ಕಾಣದಿದ್ದುದು ಕಾರಣವೆಂದು ಆಗ ವರದಿಯಾಗಿತ್ತು. ನಂದಿಗೆ ಹೋಗುವವರು ಬೆಂಗಳೂರಿನಿಂದ ಹಿಡಿಯುವುದೂ ಇದೇ ಹೆದ್ದಾರಿಯನ್ನು.

ನಾಲ್ಕೂ ಇಂಡಿಕೇಟರ್: ತಪ್ಪು

ನಾಲ್ಕೂ ಇಂಡಿಕೇಟರ್ ಮಿನುಗುತ್ತಿದ್ದರೆ ‘ಗಾಡಿ ನಿಂತಿದೆ’ ಎಂದು ಅರ್ಥ. ಓಡುವ ಗಾಡಿಯಲ್ಲೂ ಅದನ್ನು ಹಾಕಿದರೆ, ಮುಂದಿರುವುದು ನಿಂತಿದೆಯೋ ಚಲಿಸುತ್ತಿದೆಯೋ ಎಂದು ಹಿಂದಿನವರಿಗೆ ತಿಳಿಯುವುದಿಲ್ಲ. ನೀವು ಎಡಕ್ಕೋ ಬಲಕ್ಕೋ ತಿರುಗುವ ಸೂಚನೆಯೂ ಸಿಗುವುದಿಲ್ಲ. ಎಲ್ಲರೂ ಹೀಗೆ ಮಾಡಿದರೆ ನಿಜವಾಗಿ ಕೆಟ್ಟು ನಿಂತ ಲಾರಿಯನ್ನು ಗುರುತಿಸುವುದು ಹೇಗೆ? ಗಾಡಿ ಕೆಟ್ಟರೆ ಮಾತ್ರ ಅದನ್ನು ಹಾಕಿ, ಗಾಡಿಯನ್ನು ರಸ್ತೆಯಿಂದ ಪೂರ್ತಿ ಕೆಳಗಿಳಿಸಿ, ಜನರನ್ನು ಇಳಿಸಿ ದೂರ ನಿಲ್ಲಿಸಿ.

ಹಳದಿ ಲೈಟ್: ಬಹುಪಾಲು ನಂಬಿಕೆ

ಮಂಜಿನ ಹನಿಗಳು ಬೆಳಕಿನ ಅಲೆಯ ಉದ್ದಕ್ಕಿಂತ ಎಷ್ಟೋ ಪಟ್ಟು ದೊಡ್ಡವು. ಆದ್ದರಿಂದ ಎಲ್ಲ ಬಣ್ಣಗಳನ್ನೂ ಹೆಚ್ಚುಕಡಿಮೆ ಒಂದೇ ರೀತಿ ಚದುರಿಸುತ್ತವೆ. ಮಂಜು ಬೆಳ್ಳಗೆ ಕಾಣುವುದೂ ಅದಕ್ಕೇ. ಫಾಗ್ ಲ್ಯಾಂಪ್ ಕೆಲಸ ಮಾಡುವುದು ಬಣ್ಣದಿಂದಲ್ಲ. ಅದು ಕೆಳಗೆ ಕೂತು, ಬೆಳಕನ್ನು ಅಗಲವಾಗಿ ನೆಲದ ಮಟ್ಟಕ್ಕೆ ಚೆಲ್ಲುತ್ತದೆ. ಹೈ ಬೀಮ್ ಹಾಕಿದರೆ ಬೆಳಕು ಹನಿಗಳಿಗೆ ಬಡಿದು ನಿಮ್ಮ ಕಣ್ಣಿಗೇ ಮರಳುತ್ತದೆ, ಎದುರಿಗೆ ಬಿಳಿ ಗೋಡೆ ಎದ್ದಂತಾಗುತ್ತದೆ. ಲೋ ಬೀಮ್ ಸಾಕು.

ನಿಜಕ್ಕೂ ಜೀವ ಉಳಿಸುವುದು ವೇಗ. ಗಂಟೆಗೆ 80 ಕಿ.ಮೀ. ವೇಗದಲ್ಲಿ ಗಾಡಿ ಸೆಕೆಂಡಿಗೆ 22 ಮೀಟರ್ ಹೋಗುತ್ತದೆ. ಕಣ್ಣು ಕಂಡು ಕಾಲು ಬ್ರೇಕ್ ಒತ್ತುವುದಕ್ಕೆ ಎರಡು ಸೆಕೆಂಡ್ ಹಿಡಿದರೆ ಅಲ್ಲಿಗೇ 44 ಮೀಟರ್ ಮುಗಿಯಿತು. ಒಣ ರಸ್ತೆಯಲ್ಲೂ ನಿಲ್ಲಲು ಇನ್ನೂ ಸುಮಾರು 35 ಮೀಟರ್ ಬೇಕು. ಮಂಜಿನಲ್ಲಿ ಕಾಣುವುದು 50 ಮೀಟರ್ ಆದರೆ ಲೆಕ್ಕ ನೀವೇ ಹಾಕಿ. 40 ಕಿ.ಮೀ. ವೇಗದಲ್ಲಾದರೆ ಒಟ್ಟು 31 ಮೀಟರ್‌ಗೆ ನಿಲ್ಲಬಹುದು.

ಹಾಗಾದರೆ ಟ್ರಿಪ್ ಬೇಡವೇ?

ಬೇಕು, ಆದರೆ ತಿರುಗಿಸಿ ಹಾಕಿಕೊಳ್ಳಿ. ಬೆಳಕು ಹರಿದ ಮೇಲೆ ಹೊಸಕೋಟೆ ದಾರಿಯಲ್ಲಿ ಹೊರಟು ಕೈವಾರ, ಬಂಡೆ ಕೊರೆದ ಕೈಲಾಸಗಿರಿ ಗುಹೆಗಳು, ಚಿಂತಾಮಣಿಯ ಮೂಲಕ ಮುರುಗಮಲ್ಲ. ಹಿಂದೂ ಮುಸ್ಲಿಮರಿಬ್ಬರೂ ಹರಕೆ ಹೊತ್ತು ಬರುವ ಅಮ್ಮಾಜಾನ್ ಬಾವಾಜಾನ್ ದರ್ಗಾವನ್ನು ನಸುಕಿನಲ್ಲೇ ಮುಟ್ಟಬೇಕೆಂದೇನಿಲ್ಲ. ಮಧ್ಯಾಹ್ನ ಶಿಡ್ಲಘಟ್ಟ, ಚಿಕ್ಕಬಳ್ಳಾಪುರದ ಕಡೆಯಿಂದ ನಂದಿಗೆ ಬಂದರೆ ತಪ್ಪಲಿನ ಭೋಗನಂದೀಶ್ವರ ದೇವಾಲಯಕ್ಕೂ ಸಮಯ ಸಿಗುತ್ತದೆ. ಮೋಡದ ಸಮುದ್ರವನ್ನೇ ನೋಡಬೇಕೆಂದರೆ ಹಿಂದಿನ ರಾತ್ರಿಯೇ ಬೆಟ್ಟದ ಹತ್ತಿರ ಬಂದು ಉಳಿಯಿರಿ.

ಹೆದ್ದಾರಿ ಬಿಟ್ಟು ಒಳದಾರಿ ಹಿಡಿದರೆ ಮಂಜು ತಪ್ಪುತ್ತದೆ ಎಂದುಕೊಳ್ಳಬೇಡಿ. ಶಿಡ್ಲಘಟ್ಟಕ್ಕೆ ರೇಷ್ಮೆಗೂಡು, ಚಿಂತಾಮಣಿಗೆ ಟೊಮೆಟೊ ಸಾಗಿಸುವವರು ಮಾರುಕಟ್ಟೆ ಮುಟ್ಟಲು ಆ ಹೊತ್ತಿಗೇ ರಸ್ತೆಯಲ್ಲಿರುತ್ತಾರೆ. ಹಿಂದಿನ ಲೈಟ್ ಇಲ್ಲದ ಟ್ರ್ಯಾಕ್ಟರ್ ಕೂಡ.